ಬಾವಿ ನೀರಿನಲ್ಲಿ ತೊಳೆದ ಬಾಟಲಿ

ಕಳೆದ ತಿಂಗಳು ಕಾರ್ಕಳದಲ್ಲಿ ಕಿರಿ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚುವಾಗ ಚಟಚಟ ಎಂದಿತು. ತಲೆಯಲ್ಲಿ ಉಳಿದಿರುವ ಸ್ವಲ್ಪ ಬಿಳಿ ಕೂದಲು ಬಾಚಣಿಗೆಯ ಹಿಂದೆಯೇ ಎದ್ದು ನಿಂತಿತು. ಮಗಳು ನೋಡಿ ನಕ್ಕಳು. ಕಾಪುವಿನ ನಮ್ಮ ಮನೆಯಲ್ಲಿ ಈ ಸದ್ದು ಅಪರೂಪ. ಕಡಲಿಗೆ ನೂರು ಹೆಜ್ಜೆ; ಅಲ್ಲಿ ಗಾಳಿಯೇ ಒದ್ದೆ. ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಕರಿದಿಟ್ಟ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ.

ಆ ಚಟಚಟ ಕೇಳಿದ್ದೇ ನಾಲ್ಕು ವರ್ಷದ ಹಿಂದಿನ ಚಳಿಗಾಲ ನೆನಪಾಯಿತು. ನನ್ನ ಪುಳ್ಳಿ ದೀಕ್ಷಾ, ಮಗನ ಮಗಳು, ಆಗ ಎಂಟನೇ ತರಗತಿ. ಇಡೀ ಚಳಿಗಾಲ ಆ ಹುಡುಗಿ ಈ ಸದ್ದಿನ ಹಿಂದೆಯೇ ಬಿದ್ದಿದ್ದಳು. ಅದಕ್ಕೆ ಕಾರಣ ನಾನು. ನಾನು ಮಾಡಿದ ಕೆಲಸ ಒಳ್ಳೆಯದೇನಲ್ಲ, ಆದರೂ ಹೇಳುತ್ತೇನೆ.

ಅದರ ಹಿಂದಿನ ವರ್ಷ ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇತ್ತು. ಅವಳ ಅಪ್ಪ ಮಲ್ಪೆಯ ಬೋಟಿನಲ್ಲಿ, ಹೋದರೆ ಹತ್ತು ದಿನ ಬರುವುದಿಲ್ಲ. ಅಮ್ಮನಿಗೆ ಮಣಿಪಾಲದಲ್ಲಿ ಆಸ್ಪತ್ರೆ ಕೆಲಸ. ಹಾಗಾಗಿ ಹುಡುಗಿ ನನ್ನ ಹತ್ತಿರ ಬಂದು ಥರ್ಮೋಕೋಲ್ ತಂದುಕೊಡು ಎಂದಳು. ನಾನು ಉಡುಪಿಗೆ ಹೋದವಳು, ಥರ್ಮೋಕೋಲ್ ಬಿಟ್ಟು, ಅಂಗಡಿಯಲ್ಲಿ ಮಾಡಿಯೇ ಇಟ್ಟಿದ್ದ ಗಾಳಿಯಂತ್ರವನ್ನು ತಂದೆ. ರೆಕ್ಕೆ ತಿರುಗುತ್ತಿತ್ತು, ಕೆಂಪು ಬಲ್ಬ್ ಉರಿಯುತ್ತಿತ್ತು. ಅವಳು ಬೇಡ ಎಂದಳು. "ಬೇಡ ಎಂತದ್ದು? ಚಂದ ಉಂಟಲ್ಲ, ತಕೊಂಡು ಹೋಗು" ಎಂದು ಜೋರು ಮಾಡಿ ಕಳಿಸಿದೆ.

ನೋಡಲು ಬಂದ ಮಾಸ್ತರರು, "ಇಲ್ಲಿ ಗಾಳಿಯೇ ಇಲ್ಲ, ಇದು ಹೇಗೆ ತಿರುಗುತ್ತದೆ?" ಎಂದು ಕೇಳಿದರಂತೆ. ಇವಳಿಗೆ ಗೊತ್ತಿಲ್ಲ. ಅವರು ಯಂತ್ರವನ್ನು ಮಗುಚಿ ನೋಡಿದರೆ ಕೆಳಗೆ ಬ್ಯಾಟರಿ, ಅದರ ಪಕ್ಕದಲ್ಲಿ ಅಂಗಡಿಯ ಚೀಟಿ. ಇಡೀ ತರಗತಿ ನಕ್ಕಿತು. ಮರುದಿನದಿಂದ ಅವಳ ಹೆಸರು 'ಅಂಗಡಿ' ಎಂದಾಯಿತು. "ಅಂಗಡಿ, ಹೋಂವರ್ಕ್ ಎಲ್ಲಿಂದ ತಂದದ್ದು?" "ಅಂಗಡಿ, ಇವತ್ತು ಬಾಗಿಲು ತೆರೆದುಂಟಾ?" ಇಂಥವು. ಅವಳು ಮನೆಯಲ್ಲಿ ಏನೂ ಹೇಳಲಿಲ್ಲ. ಪಕ್ಕದ ಮನೆಯ ಹುಡುಗಿ ಹೇಳಿ ನನಗೆ ಗೊತ್ತಾಯಿತು. ತರಗತಿಯಲ್ಲಿ ಕೈ ಎತ್ತುವುದನ್ನೂ ಬಿಟ್ಟಿದ್ದಾಳೆ ಎಂದು ಆಮೇಲೆ ಅವಳ ವಿಜ್ಞಾನದ ಮೇಡಂ ಹೇಳಿದರು.

ಆ ಮೇಡಂ ಮರುವರ್ಷ ನವೆಂಬರಿನಲ್ಲಿ ನನ್ನನ್ನು ಶಾಲೆಗೆ ಕರೆಸಿದರು. ಸಣ್ಣ ಪ್ರಾಯದವರು, ಆದರೆ ಮಾತು ನೇರ.

"ಅಜ್ಜಿ, ದೀಕ್ಷಾ ಈ ವರ್ಷವೂ ಹೆಸರು ಕೊಟ್ಟಿದ್ದಾಳೆ. ನೀವು ಮಾತ್ರ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಇರುವ ಸಾಮಾನಿನಿಂದ ಅವಳೇ ಮಾಡಬೇಕು. ನನ್ನ ಮುಂದೆ ಕೆಲಸ ಮಾಡಿ ತೋರಿಸಿದರೆ ಜಿಲ್ಲೆಯ ಪ್ರದರ್ಶನಕ್ಕೆ ಕಳಿಸುತ್ತೇನೆ. ಇಲ್ಲದಿದ್ದರೆ ಇಲ್ಲ."

"ಆಯ್ತು ಮೇಡಂ, ನಾನು ಕೈ ಹಾಕುವುದಿಲ್ಲ" ಎಂದೆ.

ಕೈ ಹಾಕಿದೆ. ಅದು ಮುಂದೆ ಬರುತ್ತದೆ.

ಹುಡುಗಿ ಆರಿಸಿದ್ದು ಅವರ ಪಾಠದಲ್ಲೇ ಇದ್ದ ಒಂದು ಉಪಕರಣ. ಪುಸ್ತಕದಲ್ಲಿ ಅದರ ಹೆಸರು ವಿದ್ಯುದ್ದರ್ಶಕ. ಹೆಸರು ದೊಡ್ಡದು, ವಸ್ತು ಸಣ್ಣದು. ಒಂದು ಗಾಜಿನ ಬಾಟಲಿ. ಅದರ ಪ್ಲಾಸ್ಟಿಕ್ ಮುಚ್ಚಳಕ್ಕೆ ಒಂದು ತೂತು. ತೂತಿನಲ್ಲಿ ತಾಮ್ರದ ತಂತಿ. ತಂತಿಯ ಮೇಲಿನ ತುದಿಗೆ ಬೆಳ್ಳಿಕಾಗದದ ಉಂಡೆ, ಬಾಟಲಿಯೊಳಗಿನ ತುದಿಗೆ ಕೊಕ್ಕೆ, ಕೊಕ್ಕೆಗೆ ಅದೇ ಬೆಳ್ಳಿಕಾಗದದ ಎರಡು ಸಣ್ಣ ಎಲೆ. ಏನನ್ನಾದರೂ ಉಜ್ಜಿ ಉಂಡೆಯ ಮೇಲೆ ಸವರಿದರೆ, ಉಜ್ಜಿದ್ದರಲ್ಲಿ ಹುಟ್ಟಿದ ಕರೆಂಟು ತಂತಿಯಲ್ಲಿ ಇಳಿದು ಎರಡೂ ಎಲೆಗೆ ಸಮ ಹೋಗುತ್ತದೆ. ಆಗ ಎಲೆಗಳು ಒಂದನ್ನೊಂದು ದೂಡಿ ಅಗಲವಾಗಿ ನಿಲ್ಲುತ್ತವೆ. ಕಣ್ಣಿಗೆ ಕಾಣದ ಕರೆಂಟು ಉಂಟೋ ಇಲ್ಲವೋ ಎಂದು ತಿಳಿಯುವುದು ಹಾಗೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಇಷ್ಟು ಅರ್ಥವಾಗುವ ಹಾಗೆ ಹೇಳಿದ್ದು ಅವಳೇ.

ಬಾಟಲಿ ನನ್ನ ಮಾವಿನಮಿಡಿ ಉಪ್ಪಿನಕಾಯಿಯದ್ದು. ತಂತಿ ಹಳೆಯ ಟೇಬಲ್ ಫ್ಯಾನಿನದ್ದು. ಮುಚ್ಚಳದ ತೂತನ್ನು ಮೊಳೆ ಕಾಯಿಸಿ ಮಾಡಿದಳು, ಬೆರಳು ಸುಟ್ಟುಕೊಂಡಳು, ನನಗೆ ತೋರಿಸಲಿಲ್ಲ. ಎಲೆಗೆ ಮೊದಲು ನನ್ನ ಬಿಪಿ ಮಾತ್ರೆಯ ಹಾಳೆಯನ್ನು ಕತ್ತರಿಸಿದಳು. ಅದು ದಪ್ಪ, ಅಲುಗಲೇ ಇಲ್ಲ. ನಾಲ್ಕು ದಿನ ಅದರಲ್ಲೇ ಹೋಯಿತು. ಆಮೇಲೆ ಚಾಕೊಲೇಟಿನ ಬೆಳ್ಳಿಕಾಗದವನ್ನು ಚಮಚದ ಬೆನ್ನಿನಿಂದ ಸವರಿ ಸವರಿ ನೆರಿಗೆ ತೆಗೆದು, ಉಗುರಿನಷ್ಟು ಅಗಲಕ್ಕೆ ಕತ್ತರಿಸಿದಳು. ಊದಿದರೆ ಹಾರುವಷ್ಟು ತೆಳ್ಳಗೆ. ಉಜ್ಜುವುದಕ್ಕೆ ಪಂಪ್ ಹಾಕಿಸುವಾಗ ಉಳಿದ ಪ್ಲಾಸ್ಟಿಕ್ ಪೈಪಿನ ತುಂಡು. ಇನ್ನು ಉಣ್ಣೆ ಬೇಕು. ಕಡಲ ಕರೆಯ ಸೆಕೆಯ ಊರಿನಲ್ಲಿ ಉಣ್ಣೆ ಎಲ್ಲಿ? ಇದ್ದದ್ದು ಒಂದೇ, ನನ್ನ ಗಂಡ ದೋಣಿಗೆ ಹೋಗುತ್ತಿದ್ದ ಕಾಲದ ಮಂಕಿ ಟೋಪಿ.

"ಅಜ್ಜಾ, ಟೋಪಿ ಕೊಡು. ಅದರಿಂದ ಕರೆಂಟ್ ಬರ್ತದೆ."

"ನನ್ನ ಟೋಪಿಯಿಂದಲಾ?" ಗಂಡ ನನ್ನ ಕಡೆ ತಿರುಗಿದರು. "ಕೇಳಿದ್ಯಾ? ಇಷ್ಟು ವರ್ಷ ನನ್ನ ತಲೆಯಲ್ಲಿ ಎಂತದ್ದೂ ಇಲ್ಲ ಅಂತ ಹೇಳ್ತಾ ಇದ್ದಿ."

"ಟೋಪಿಯಲ್ಲಿ ಉಂಟು ಅಂದದ್ದು. ತಲೆಯಲ್ಲಿ ಅಲ್ಲ" ಎಂದೆ.

ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ, ನಾನು ಅಂಗಳದಲ್ಲಿ ಹಳೆಯ ಬಲೆ ಹಾಸಿ ಉಪ್ಪು ಹಾಕಿದ ನಂಗ್ ಮೀನು ಒಣಗಲು ಹರವುತ್ತಿದ್ದೆ. ಜಗಲಿಯಿಂದ ಅವಳು ಕೂಗಿದಳು. ಹೋಗಿ ನೋಡಿದೆ. ಪೈಪನ್ನು ಟೋಪಿಯಲ್ಲಿ ಹತ್ತಾರು ಸಲ ತಿಕ್ಕಿ ಉಂಡೆಯ ಮೇಲೆ ಸವರಿದಳು. ಒಳಗೆ ಜೋತು ಬಿದ್ದಿದ್ದ ಎರಡು ಎಲೆಗಳು ಬಿಚ್ಚಿಕೊಂಡವು. ಯಾರೂ ಮುಟ್ಟಲಿಲ್ಲ, ಗಾಳಿ ಇಲ್ಲ, ಬಾಟಲಿಗೆ ಮುಚ್ಚಳ ಉಂಟು. ಪೈಪನ್ನು ದೂರ ತೆಗೆದ ಮೇಲೂ ಎಲೆಗಳು ಹಾಗೆಯೇ ಅಗಲವಾಗಿ ನಿಂತಿದ್ದವು. ನಾನು ಕೈಯಲ್ಲಿ ಮೀನು ಹಿಡಿದುಕೊಂಡೇ ನಿಂತೆ. ದುಡ್ಡು ಕೊಟ್ಟು ತಂದ ಗಾಳಿಯಂತ್ರದಲ್ಲಿ ಇಂಥದ್ದು ಏನೂ ಇರಲಿಲ್ಲ.

ಆದರೆ ಸಂಜೆ ಅಮ್ಮನಿಗೆ ತೋರಿಸಲು ಹೋದರೆ ಎಲೆಗಳು ಅರಳಲೇ ಇಲ್ಲ. ಮರುದಿನ ಬೆಳಿಗ್ಗೆ ಅರಳಿದವು, ಸಂಜೆ ಇಲ್ಲ. ಅವಳು ಒಂದು ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಟ್ಟಳು. ಮೂರು ದಿನ, ರಜೆಯ ಭಾನುವಾರವಂತೂ ಗಂಟೆಗೊಮ್ಮೆ ನೋಡಿ, ಬರೆದು ನನ್ನ ಹತ್ತಿರ ತಂದಳು.

"ಅಜ್ಜಿ, ಹನ್ನೊಂದು ಗಂಟೆಯ ಮೇಲೆ ಇದು ಸತ್ತ ಹಾಗೆ ಆಗ್ತದೆ. ಯಾಕೆ?"

"ಅದಕ್ಕೆ ಪುಸ್ತಕ ಯಾಕೆ ಮಾರಾಯ್ತಿ? ಹನ್ನೊಂದಕ್ಕೆ ಗಾಳಿ ತಿರುಗ್ತದೆ. ಬೆಳಿಗ್ಗೆ ಮೂಡಿನಿಂದ ಒಣ ಗಾಳಿ, ಮತ್ತೆ ಪಡುವಿನಿಂದ ಕಡಲ ಗಾಳಿ. ನಾನು ಮೀನು ಮಗುಚಿ ಹಾಕುವುದು ಅದನ್ನು ನೋಡಿಯೇ."

ಅವಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. "ಒದ್ದೆ ಗಾಳಿಯಲ್ಲಿ ಕರೆಂಟ್ ಸೋರಿ ಹೋಗ್ತದೆ. ಅದು ಪಾಠದಲ್ಲಿ ಉಂಟು" ಎಂದಳು. ಪಾಠದಲ್ಲಿ ಇದ್ದದ್ದು ಅವಳಿಗೆ ಸಿಕ್ಕಿದ್ದು ಆಗ. ಇನ್ನು ಬೆಳಿಗ್ಗೆ ಮಾತ್ರ ಕೆಲಸ ಎಂದು ನಿಶ್ಚಯ ಮಾಡಿದಳು. ಮೇಡಂಗೆ ತೋರಿಸುವುದನ್ನೂ ಬೆಳಿಗ್ಗೆ ಒಂಬತ್ತಕ್ಕೆ ಎಂದು ಕೇಳಿಕೊಂಡು ಬಂದಳು.

ಇಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಆ ಬಾಟಲಿಗೆ ಉಪ್ಪಿನಕಾಯಿ ವಾಸನೆ ಇತ್ತು. ಮುಚ್ಚಳದ ಅಂಚಿನಲ್ಲಿ ಎಣ್ಣೆಯ ಜಿಡ್ಡು. ಶಾಲೆಗೆ ತೆಗೆದುಕೊಂಡು ಹೋಗುವ ಸಾಮಾನು, ಮನೆಯಲ್ಲಿ ಹೆಂಗಸರು ಇಲ್ಲವೇ ಎಂದು ಯಾರಾದರೂ ಹೇಳಿದರೆ? ಅವಳು ಶಾಲೆಗೆ ಹೋದ ಮೇಲೆ ಎಲ್ಲವನ್ನೂ ಬಿಚ್ಚಿ, ಎಲೆಯನ್ನು ಜಾಗ್ರತೆಯಿಂದ ತೆಗೆದಿಟ್ಟು, ಬಾಟಲಿ ಮುಚ್ಚಳ ಎರಡನ್ನೂ ಸಾಬೂನು ಹಾಕಿ ತಿಕ್ಕಿ ಬಾವಿಯ ನೀರಿನಲ್ಲಿ ತೊಳೆದೆ. ಬಿಸಿಲಿಗೆ ಕವುಚಿ ಹಾಕಿದೆ. ವಾಸನೆ ಪೂರ್ತಿ ಹೋಗಲಿಲ್ಲ ಎಂದು ಮರುದಿನವೂ ತೊಳೆದೆ. ಅದರ ಮರುದಿನವೂ.

ಮೊದಲು ತೊಳೆದ ಮರುದಿನದಿಂದ ಮೂರು ದಿನ ಬೆಳಿಗ್ಗೆಯೂ ಎಲೆಗಳು ನಿಲ್ಲಲಿಲ್ಲ. ಅರಳುತ್ತವೆ, ಆದರೆ ಮೂರು ನಾಲ್ಕು ಎಣಿಸುವಷ್ಟರಲ್ಲಿ ಬಿದ್ದುಹೋಗುತ್ತವೆ. ಮೇಡಂಗೆ ತೋರಿಸಲು ಇನ್ನು ಐದು ದಿನ. ಹುಡುಗಿ ಗಂಜಿ ಬಿಟ್ಟಳು. ಎಲೆ ಬದಲಿಸಿದಳು, ತಂತಿ ಬದಲಿಸಿದಳು, ಟೋಪಿಯನ್ನು ಬಿಸಿಲಿಗೆ ಮಾಡಿನ ಹೆಂಚಿನ ಮೇಲೆ ಇಟ್ಟು ಒಣಗಿಸಿದಳು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ನೋಡುವುದು, ಬರೆಯುವುದು. ನಾನಾಗಿದ್ದರೆ ಎರಡನೇ ದಿನವೇ ಬಾಟಲಿಯನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದೆ. ಅಷ್ಟು ಸಮಾಧಾನ ಅವಳಿಗೆ ಎಲ್ಲಿಂದ ಬಂತೋ, ನಮ್ಮ ಕಡೆಯಿಂದಂತೂ ಅಲ್ಲ.

ಕೊನೆಗೆ ಅವಳು ಉಪ್ಪಿನಕಾಯಿಯ ಇನ್ನೊಂದು ಬಾಟಲಿ ಖಾಲಿ ಮಾಡಿ, ಒಣಬಟ್ಟೆಯಿಂದ ಮಾತ್ರ ಒರಸಿ, ಅದಕ್ಕೆ ಎಲೆ ತೂಗುಹಾಕಿದಳು. ಎಣ್ಣೆಯ ಜಿಡ್ಡು ಇದ್ದಂತೆಯೇ ಇತ್ತು. ಎಲೆಗಳು ಅರಳಿ ನಿಂತವು. ಅಷ್ಟು ಹೊತ್ತಿಗೆ ನಾನು ಒಲೆಯ ಮೇಲಿನ ಅನ್ನದ ತಿಳಿ ಬಾಗಿಸಿ ಬಂದೆ, ಆಗಲೂ ನಿಂತೇ ಇದ್ದವು.

ಅವಳು ಪುಸ್ತಕದ ಹಾಳೆ ತಿರುವಿ ನೋಡಿ ಹೇಳಿದಳು: "ಅಜ್ಜಿ, ನೀನು ತೊಳೆದದ್ದರಿಂದ."

ನನಗೆ ಸಿಟ್ಟು ಬಂತು. "ಎಂತದ್ದು? ತೊಳೆದರೆ ಹಾಳಾಗುವ ಸಾಮಾನು ಯಾವುದಾದರೂ ಉಂಟಾ? ನಿನ್ನ ಕೈಯಲ್ಲಿ ಆಗ್ಲಿಲ್ಲ, ಅದಕ್ಕೆ ನನ್ನ ಮೇಲೆ ಹಾಕ್ತೀಯಾ?"

"ಮೇಲೆ ಹಾಕುವುದಲ್ಲ. ನೋಡು, ಪುಸ್ತಕದಲ್ಲಿ ಉಂಟು. ಎಲೆ ಬೀಳುವುದು ಮಂಗಳವಾರದಿಂದ. ನೀನು ತೊಳೆಯಲು ಸುರು ಮಾಡಿದ್ದು ಸೋಮವಾರ."

"ನಾನು ತೊಳೆದದ್ದನ್ನೂ ಬರೆದಿದ್ದೀಯಾ?"

"ಎಲ್ಲ ಬರೆಯಬೇಕು. ಮೇಡಂ ಹೇಳಿದ್ದಾರೆ."

ನಾನು ತೊಳೆದ ಬಾಟಲಿಯ ಮುಚ್ಚಳವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದೆ. ಕಪ್ಪು ಪ್ಲಾಸ್ಟಿಕಿನ ಮೇಲೆ ಒಣಗಿದ ಹನಿಗಳ ಬಿಳಿ ಗುರುತು. ನಾಲಿಗೆಯ ತುದಿಗೆ ತಾಗಿಸಿದೆ. ಉಪ್ಪು.

ನಮ್ಮ ಬಾವಿ ಕಡಲಿಗೆ ಅಷ್ಟು ಹತ್ತಿರ. ನೀರು ಉಪ್ಪುಪ್ಪು, ಕುಡಿಯಲು ಆಗುವುದಿಲ್ಲ. ಪಾತ್ರೆಗೆ, ಬಟ್ಟೆಗೆ ಅದೇ. ಕುಡಿಯಲು ಪಂಚಾಯತಿನ ನಳ್ಳಿ. ಐವತ್ತು ವರ್ಷದಿಂದ ಆ ನೀರಿನಲ್ಲಿ ತೊಳೆದು ಎಲ್ಲ ಚೊಕ್ಕ ಆಯಿತು ಎಂದುಕೊಂಡವಳು ನಾನು. ಉಪ್ಪು ಗಾಳಿಯ ಪಸೆ ಎಳೆಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಮೋಡದ ದಿನ ಒಣಮೀನು ಬೆವರುವುದನ್ನು ದಿನಾ ನೋಡಿದ್ದೇನೆ. ಮುಚ್ಚಳವೂ ಒಂದು ಒಣಮೀನಿನ ಹಾಗೆ ಆಗಿತ್ತು. ಉಪ್ಪಿನಕಾಯಿಯಲ್ಲೂ ಉಪ್ಪು ಉಂಟು, ಆದರೆ ಅದರ ಎಣ್ಣೆಯ ಜಿಡ್ಡು ಪಸೆಯನ್ನು ಹತ್ತಿರ ಬಿಡುವುದಿಲ್ಲ. ಕರೆಂಟು ತಂತಿಯಿಂದ ಆ ಪಸೆಗೆ ಹತ್ತಿ, ಬಾಟಲಿಯ ಮೈಮೇಲಿನಿಂದ ಮೇಜಿಗೆ ಇಳಿದುಹೋಗುತ್ತಿತ್ತು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಹದಿಮೂರು ವರ್ಷದ ಹುಡುಗಿ ಗಂಟೆ ದಿನ ಬರೆದು ಬರೆದು ಅದನ್ನು ಹಿಡಿದಳು.

"ಹೌದು. ನಾನೇ ಹಾಳು ಮಾಡಿದ್ದು. ಕೊಡು, ನಳ್ಳಿ ನೀರಿನಲ್ಲಿ ತೊಳೆದುಕೊಡ್ತೇನೆ" ಎಂದೆ.

"ಬೇಡ! ಅದನ್ನು ಮುಟ್ಟಬೇಡ. ಅದು ಹಾಗೆಯೇ ಬೇಕು."

ಇನ್ನೊಂದು ಬಾಟಲಿಯನ್ನು ಅವಳೇ ನಳ್ಳಿ ನೀರಿನಲ್ಲಿ ತೊಳೆದು, ಒರಸಿ, ಒಣಗಿಸಿದಳು. ಎರಡನ್ನೂ ಮೇಡಂ ಮುಂದೆ ಇಟ್ಟಳು. ಒಂದರಲ್ಲಿ ಎಲೆ ನಿಲ್ಲುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ, ಯಾಕೆ ಎಂದು ಹೇಳಿದಳು. ಮೇಡಂ ಹೆಸರು ಬರೆದುಕೊಂಡರು. ತರಗತಿಯ ಕೆಲವರು ಮಾತ್ರ, "ಈ ಸಲ ಯಾವ ಅಂಗಡಿ? ಎರಡೆರಡು ತಂದಿದ್ದಾಳೆ" ಎಂದರಂತೆ.

ಜನವರಿಯಲ್ಲಿ ಪ್ರದರ್ಶನ. ಆ ವರ್ಷ ಕಾರ್ಕಳದ ಒಂದು ಶಾಲೆಯಲ್ಲಿ. ಸೊಸೆಗೆ ರಜೆ ಸಿಗಲಿಲ್ಲ, ನಾನು ಹೋದೆ. ಬಾಟಲಿಗಳನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಕಂಡಕ್ಟರ್ "ಅಜ್ಜಿ, ಉಪ್ಪಿನಕಾಯಿ ಮಾರಲಿಕ್ಕಾ?" ಎಂದ. "ನಿನಗೆ ಕೊಡಲಿಕ್ಕಿಲ್ಲ" ಎಂದೆ. ಹುಡುಗಿ ನಗಲಿಲ್ಲ. ಬೆಳ್ಮಣ್ಣು ದಾಟುವವರೆಗೂ ತುಟಿಯೊಳಗೆ ಏನೋ ಹೇಳಿಕೊಳ್ಳುತ್ತಿದ್ದಳು.

ದೊಡ್ಡ ಹಾಲ್. ಸಾಲಾಗಿ ಮೇಜು. ಅವಳ ಶಾಲೆಯ ಏಳೆಂಟು ಮಕ್ಕಳು ನೋಡಲು ಬಂದಿದ್ದರು, ಮೇಡಂ ಜೊತೆಗೆ. ನಾನು ಗೋಡೆ ಬದಿಯ ಬೆಂಚಿನಲ್ಲಿ ಕುಳಿತೆ. ಹತ್ತು ಗಂಟೆಗೆ ಒಬ್ಬರು ಹಿರಿಯ ಮಾಸ್ತರರು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಅಂಕ ಹಾಕುವ ಹಾಳೆ ಹಿಡಿದುಕೊಂಡು ಅವಳ ಮೇಜಿಗೆ ಬಂದರು. ಅವಳ ಸ್ವರ ಮೊದಲು ಕೇಳಿಸುತ್ತಲೇ ಇರಲಿಲ್ಲ.

"ಇದು ಸಿಹಿನೀರಿನಲ್ಲಿ ತೊಳೆದ ಬಾಟಲಿ ಸರ್. ಇದರಲ್ಲಿ ಎಲೆ ನಿಲ್ತದೆ." ಸವರಿದಳು. ಎಲೆ ಅರಳಿ ನಿಂತಿತು. "ಇದು ನಮ್ಮ ಬಾವಿಯ ಉಪ್ಪುನೀರಿನಲ್ಲಿ ತೊಳೆದದ್ದು. ಇದರಲ್ಲಿ ಎಲೆ ಬೇಗ ಬೀಳ್ತದೆ."

ಸವರಿದಳು. ಎಲೆ ಅರಳಿತು. ಅವಳು ಕಾದಳು. ಮಾಸ್ತರರು ಕಾದರು. ನಾನು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಎಲೆ ಬೀಳಲಿಲ್ಲ. ಎರಡು ಬಾಟಲಿಯಲ್ಲೂ ಎಲೆಗಳು ಒಂದೇ ರೀತಿ ಅಗಲವಾಗಿ ನಿಂತಿದ್ದವು.

"ಬೀಳ್ತದೆ ಅಂದೆಯಲ್ಲ ಮಗೂ?"

ಅವಳು ಮತ್ತೊಮ್ಮೆ ಸವರಿದಳು. ಬೀಳಲಿಲ್ಲ. ಹಿಂದಿನಿಂದ ಒಬ್ಬಳು ಮೆಲ್ಲಗೆ "ಅಂಗಡಿ" ಎಂದಳು, ಇನ್ನೊಬ್ಬಳು ಕಿಸಕ್ಕೆಂದಳು. ಮೇಡಂ ಅವರತ್ತ ಕಣ್ಣು ಬಿಟ್ಟರು. ಮಾಸ್ತರರು ಹಾಳೆಯ ಮೇಲೆ ಪೆನ್ನು ಇಟ್ಟು, "ಇದನ್ನು ನೀನೇ ಮಾಡಿದ್ದಾ?" ಎಂದು ಕೇಳಿದರು.

ಹಿಂದಿನ ವರ್ಷ ಅವಳ ಬಾಯಿ ಕಟ್ಟಿದ್ದು ಇಂಥದೇ ಪ್ರಶ್ನೆಗೆ. ಅವಳ ಕಿವಿ ಕೆಂಪಾಗಿತ್ತು. ನನಗೆ ಬೆಂಚಿನಿಂದ ಎದ್ದು ಹೋಗಿ, "ಸರ್, ನಾನು ಕಂಡಿದ್ದೇನೆ, ಇವಳೇ ಮಾಡಿದ್ದು" ಎಂದು ಹೇಳಬೇಕೆನಿಸಿತು. ಎದ್ದೆ ಕೂಡ. ಆದರೆ ನಾನು ಹೋಗಿ ಹೇಳಿದರೆ ಅದು ಮತ್ತೆ ನನ್ನದಾಗುತ್ತಿತ್ತು. ಕುಳಿತುಕೊಂಡೆ. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡೆ.

"ನಾನೇ ಸರ್" ಎಂದಳು. ಆಮೇಲೆ ಬಾಟಲಿಯನ್ನು ನೋಡುತ್ತಾ ನಿಂತಳು. ಜನ ಮುಂದಿನ ಮೇಜಿಗೆ ಸರಿಯಲು ಸುರು ಮಾಡಿದ್ದರು. ಅವಳು ತನ್ನ ಕೈಯನ್ನು ಕೆನ್ನೆಗೆ ಮುಟ್ಟಿಸಿ ನೋಡಿಕೊಂಡಳು, ಕೂದಲನ್ನು ಮುಟ್ಟಿ ನೋಡಿಕೊಂಡಳು. ಆ ದಿನ ಮೈಯೆಲ್ಲ ಒಣಒಣ, ತುಟಿ ಒಡೆಯುವಷ್ಟು.

"ಸರ್, ಒಂದು ನಿಮಿಷ. ಇಲ್ಲಿ ಗಾಳಿ ಒಣ. ನಮ್ಮಲ್ಲಿ ಹಾಗಲ್ಲ. ಉಪ್ಪು ಒಣಗಿದ್ದರೆ ಕರೆಂಟ್ ಸೋರುವುದಿಲ್ಲ ಇರಬೇಕು. ಉಪ್ಪು ಒಂದೇ ಸಾಲದು, ಪಸೆಯೂ ಬೇಕು."

"ಇರಬೇಕು ಅಂದರೆ? ಗೊತ್ತುಂಟಾ?"

"ಗೊತ್ತಿಲ್ಲ ಸರ್. ಈಗ ನೋಡ್ತೇನೆ."

ಎರಡಕ್ಕೂ ಪುನಃ ಪೈಪು ಸವರಿದಳು. ಎರಡರಲ್ಲೂ ಎಲೆ ಅರಳಿತು. ಬಗ್ಗಿ, ಬಾಯಿ ತೆರೆದು, ಸಿಹಿನೀರಿನ ಬಾಟಲಿಯ ಮುಚ್ಚಳದ ಮೇಲೆ ಹಾ ಎಂದು ಬಿಸಿ ಉಸಿರು ಬಿಟ್ಟಳು. ಎಲೆ ಚೂರು ಕುಗ್ಗಿತು, ನಿಂತಿತು. ಉಪ್ಪುನೀರಿನ ಬಾಟಲಿಯ ಮೇಲೆ ಅಷ್ಟೇ ಉಸಿರು ಬಿಟ್ಟಳು. ಎರಡು ಎಲೆಯೂ ಒಮ್ಮೆಲೇ ಬಿದ್ದು ಒಂದಕ್ಕೊಂದು ಅಂಟಿಕೊಂಡವು.

ಮಾಸ್ತರರು ಕನ್ನಡಕ ತೆಗೆದರು. "ಇನ್ನೊಮ್ಮೆ ಮಾಡು."

ಇನ್ನೊಮ್ಮೆ ಮಾಡಿದಳು. ಹಾಗೆಯೇ ಆಯಿತು.

"ಉಸಿರು ಬಿಡಲು ಯಾರು ಹೇಳಿಕೊಟ್ಟದ್ದು? ಟೀಚರಾ?"

"ಯಾರೂ ಇಲ್ಲ ಸರ್. ಮನೆಯಲ್ಲಿ ಇದನ್ನು ಮಾಡಿರಲಿಲ್ಲ. ಇಲ್ಲಿ ಬೀಳದೇ ಇದ್ದದ್ದಕ್ಕೆ ಈಗ ಗೊತ್ತಾದದ್ದು."

"ಉಪ್ಪಿನ ವಿಷಯ ಮೊದಲು ಹೇಗೆ ಗೊತ್ತಾಯಿತು?"

"ನಮ್ಮ ಅಜ್ಜಿ ತೊಳೆದು ಹಾಳು ಮಾಡಿದರು ಸರ್."

ಅವರು ಜೋರಾಗಿ ನಕ್ಕರು. ಅವಳ ಪುಸ್ತಕವನ್ನು ಕೇಳಿ ತೆಗೆದುಕೊಂಡು, ನಿಂತಲ್ಲೇ ಹಾಳೆ ತಿರುವುತ್ತಾ ಓದಿದರು. ಆಮೇಲೆ ದೂರದ ಮೇಜಿನ ಹತ್ತಿರ ಇದ್ದ ಇನ್ನಿಬ್ಬರು ಮಾಸ್ತರರನ್ನು ಕೈಸನ್ನೆ ಮಾಡಿ ಕರೆದರು. ಆ ದಿನದ ಬಹುಮಾನ ಬೇರೆ ಯಾರಿಗೋ ಬಂತು, ಬಿಸಿಲಿನ ಒಲೆ ಮಾಡಿದವರಿಗೆ ಇರಬೇಕು. ನಾನು ಅದನ್ನು ಗಮನಿಸಲಿಲ್ಲ. ನಾನು ನೋಡುತ್ತಿದ್ದದ್ದು ಇದನ್ನು: ಆ ಇಬ್ಬರು ಬಂದು ನಿಂತರು. "ಇವರಿಗೂ ಹೇಳು ಮಗೂ, ಮೊದಲಿನಿಂದ" ಎಂದರು ಮಾಸ್ತರರು. ಅವಳ ಶಾಲೆಯ ಮಕ್ಕಳೂ ಹತ್ತಿರ ಸರಿದರು. ಕಿಸಕ್ಕೆಂದವಳು ಎಲ್ಲರಿಗಿಂತ ಮುಂದೆ ನುಗ್ಗಿ, "ನನಗೆ ಕಾಣುವುದಿಲ್ಲ, ಸ್ವಲ್ಪ ಆಚೆ ನಿಲ್ಲು ದೀಕ್ಷಾ" ಎಂದಳು.

ದೀಕ್ಷಾ ಆಚೆ ನಿಂತು, ಮಾತ್ರೆಯ ಹಾಳೆ ಅಲುಗದೇ ಇದ್ದಲ್ಲಿಂದ ಸುರು ಮಾಡಿದಳು. ಮೂಡು ಗಾಳಿ, ಪಡು ಗಾಳಿ, ಬಾವಿ, ಮುಚ್ಚಳ, ಒಂದನ್ನೂ ಬಿಡಲಿಲ್ಲ. ಮೊದಲು ಮೂರು ಮಾತಿಗೊಮ್ಮೆ ನನ್ನ ಬೆಂಚಿನ ಕಡೆ ನೋಡುತ್ತಿದ್ದ ಹುಡುಗಿ, ಈಗ ಒಮ್ಮೆಯೂ ತಿರುಗಲಿಲ್ಲ. ಸ್ವರ ಗೋಡೆಯವರೆಗೂ ಕೇಳುತ್ತಿತ್ತು. ಬಹಳ ಹೊತ್ತು ಆಗಬಹುದು ಎಂದು ನನಗೆ ಕಂಡಿತು. ನಾನು ಎದ್ದು ಸೆರಗು ಸರಿಮಾಡಿಕೊಂಡು, ಗೇಟಿನ ಎದುರಿನ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿದೆ.